ಸೀಟಿಲ್ಲದ ಸೈಕಲ್ಲಿನ ಭಟ್ಟರು

ನಾಯ್ಮಾರ್ಮೂಲೆಯಲ್ಲಿ ನಾನು ಸೈಕಲ್ ಅಂಗಡಿ ತೆರೆದು ಇಪ್ಪತ್ತೈದು ವರ್ಷವಾಯಿತು. ಸಲಾಂಕ, ಅಂದರೆ ಸಲಾಂ ಅಣ್ಣ, ಎಂದೇ ಎಲ್ಲರೂ ನನ್ನನ್ನು ಕರೆಯುವುದು. ಸೀಟು ಹರಿಯಿತು, ಸೀಟು ಚುಚ್ಚುತ್ತದೆ, ಸೀಟು ಕಿರುಗುಟ್ಟುತ್ತದೆ ಎಂದು ದೂರು ತಂದವರಿಗೆ ಲೆಕ್ಕವಿಲ್ಲ. ಹೊಚ್ಚ ಹೊಸ ಸೈಕಲ್ ಕೊಂಡು, "ಸೀಟು ಬೇಡ, ತೆಗೆದುಬಿಡು" ಎಂದವರು ಮಾತ್ರ ಒಬ್ಬರೇ. ಅವರು ಕುಂಬ್ಡಾಜೆಯ ಶಿವಸುಬ್ರಹ್ಮಣ್ಯ ಭಟ್ಟರು.

ಅದು 2003ರ ಡಿಸೆಂಬರ್. ಭಟ್ಟರಿಗೆ ಆಗ ನಲವತ್ತೊಂದು ವರ್ಷ. ತೆಳ್ಳಗಿನ ಆಳು, ಬಿಳಿ ಪಂಚೆ, ಹೆಗಲ ಮೇಲೊಂದು ಬೈರಾಸು. ಚೈನಿಗೆ ಪೂರಾ ಕವರಿದ್ದ ಕಪ್ಪು ಸೈಕಲ್ಲೊಂದನ್ನು ಆರಿಸಿ, ಬೆಲ್ಲನ್ನು ಎರಡು ಸಲ ಬಾರಿಸಿ ನೋಡಿ, ಆಮೇಲೆ ಸೀಟಿನ ವಿಷಯ ತೆಗೆದರು.

"ತೆಗೆದು ಎಂತ ಮಾಡುವುದು?" ಎಂದೆ.

"ನೀನೇ ಇಟ್ಟುಕೋ."

"ಭಟ್ರೇ, ಬೆಳಿಗ್ಗೆ ಬೆಳಿಗ್ಗೆ ತಮಾಷೆಯಾ? ಸೀಟಿಲ್ಲದಿದ್ರೆ ಎಲ್ಲಿ ಕೂತುಕೊಳ್ತೀರಿ?"

"ಕೂತುಕೊಳ್ಳುವುದಿಲ್ಲ ಮಾರಾಯ. ನಿಂತುಕೊಂಡೇ ಹೋಗುವುದು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಳ್ಳೆಯ ಸೈಕಲ್ಲನ್ನು ಹಾಳುಮಾಡುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ, ಕಾರಣ ಹೇಳದೆ ಸೀಟು ತೆಗೆಯಲಿಕ್ಕಿಲ್ಲ ಎಂದುಬಿಟ್ಟೆ. ಭಟ್ಟರು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೂತು, ಮಗುವಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳಿದರು.

ಅವರಿಗೆ ಎರಡು ಕಡೆ ಪೂಜೆ. ತಗ್ಗಿನಲ್ಲಿ ಊರಿನ ದೇವಸ್ಥಾನ, ಗುಡ್ಡದ ತುದಿಯಲ್ಲಿ ಒಂದು ಸಣ್ಣ ಗಣಪತಿ ಗುಡಿ. ಗುಡ್ಡದ ಪೂಜೆ ತಂದೆಯವರದಾಗಿತ್ತು, ಆ ವರ್ಷ ತಂದೆ ತೀರಿಕೊಂಡು ಇವರ ಪಾಲಿಗೆ ಬಂದಿತ್ತು. ತಗ್ಗಿನಲ್ಲಿ ಸ್ನಾನ, ಪೂಜೆ ಮುಗಿಯುವಾಗ ಏಳು ಗಂಟೆ. ಗಣಪತಿಗೆ ಎಂಟೂವರೆಯೊಳಗೆ ನೈವೇದ್ಯ ಆಗಬೇಕು, ಅದು ಮೊದಲಿನಿಂದ ಬಂದ ಕಟ್ಟಳೆ. ನಡೆದರೆ ಒಂದೂವರೆ ಗಂಟೆ ದಾರಿಯಲ್ಲೇ ಹೋಗುತ್ತದೆ, ಪೂಜೆಗೆ ಹೊತ್ತಿಲ್ಲ. ಬಸ್ಸಿನಲ್ಲಿ ಹೋದರೆ ಹತ್ತು ಜನರನ್ನು ಮುಟ್ಟಿ ಮಡಿ ಹೋಗುತ್ತದೆ. ಮೇಲೆ ಇನ್ನೊಮ್ಮೆ ಸ್ನಾನ ಮಾಡೋಣವೆಂದರೆ ಗುಡಿಯ ಬಾವಿಯಲ್ಲಿ ಬೇಸಿಗೆಗೆ ಕೊಡಪಾನ ಮುಳುಗುವಷ್ಟೂ ನೀರಿಲ್ಲ. ಉಳಿದದ್ದು ಸೈಕಲ್. ಆದರೆ ಅದರ ಸೀಟು ಚರ್ಮದ್ದು. ಮಡಿ ಉಟ್ಟು ಚರ್ಮದ ಮೇಲೆ ಕೂರುವ ಹಾಗಿಲ್ಲ.

"ರೆಕ್ಸಿನ್ ಸೀಟು ಹಾಕಿಕೊಡ್ತೇನೆ" ಎಂದೆ.

"ಬೇಡ. ಸೀಟು ಇದ್ರೆ ಸುಸ್ತಾದಾಗ ಕೂರುವ ಅಂತ ಆಗ್ತದೆ. ಇಲ್ಲದಿದ್ರೆ ಆಸೆಯೇ ಇಲ್ಲವಲ್ಲ."

ಸೀಟು ತೆಗೆದು, ಪೈಪಿನ ಬಾಯಿಗೆ ಮರದ ಬಿರಡೆ ಬಡಿದುಕೊಟ್ಟೆ. ಭಟ್ಟರು ಪಂಚೆಯನ್ನು ಕಚ್ಚೆ ಹಾಕಿ, ಪೆಡಲಿನ ಮೇಲೆ ನಿಂತು, ಹೊರಟೇ ಹೋದರು. ಪಕ್ಕದ ಚಹಾದಂಗಡಿಯ ಲೋಕಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಂಜೆಯೊಳಗೆ ಸೀಟು ಕೇಳಿಕೊಂಡು ಬರ್ತಾರೆ ನೋಡು" ಎಂದ. ಸೀಟನ್ನು ಗೋಡೆಯ ಮೊಳೆಗೆ ತೂಗುಹಾಕಿದೆ. ಈಗಲೂ ಅದು ಅಲ್ಲೇ ಉಂಟು.

ಭಟ್ಟರು ಮತ್ತೆ ಬಂದದ್ದು ಒಂದು ವರ್ಷ ಕಳೆದು, ಅದೂ ಬ್ರೇಕಿನ ರಬ್ಬರಿಗೆ. ನಾಲ್ಕೂ ರಬ್ಬರ್ ತೇದು ಕಬ್ಬಿಣ ಕಾಣುತ್ತಿತ್ತು. ಪೇಟೆಯ ಸೈಕಲ್ಲಿಗೆ ಅದು ಮೂರು ವರ್ಷಕ್ಕೆ ಮೋಸವಿಲ್ಲ. ಇದನ್ನು ಎಲ್ಲಿ ಓಡಿಸುತ್ತೀರಿ ಎಂದು ಕೇಳಿದರೆ, "ಬಂದು ನೋಡು" ಎಂದರು. ಒಂದು ಶುಕ್ರವಾರ ಅಂಗಡಿಗೆ ರಜೆ ಇದ್ದಾಗ ನನ್ನದೇ ಒಂದು ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಹೋದೆ.

ಯಾ ಅಲ್ಲಾಹ್! ಅದು ದಾರಿಯೇ ಅಲ್ಲ. ಮೊದಲು ತೋಡಿನ ನೀರು ದಾಟಲು ಅಡಿಕೆ ಮರದ ಸಂಕ, ಎರಡು ಮರ ಅಡ್ಡ ಹಾಕಿದ್ದು. ಭಟ್ಟರು ಅದನ್ನು ಸೈಕಲ್ಲಿನಲ್ಲೇ ದಾಟಿದರು, ನಾನು ಸೈಕಲ್ಲನ್ನು ಹೊತ್ತುಕೊಂಡು ದಾಟಿದೆ. ಆಮೇಲೆ ಕಾಡಿನೊಳಗೆ ಏರು, ದಾರಿಗೆ ಅಡ್ಡ ಬೇರುಗಳು. ಕಾಡು ಮುಗಿದರೆ ಬೋಳುಗುಡ್ಡೆ, ಮೊಣಕಾಲೆತ್ತರದ ಮುಳಿಹುಲ್ಲು, ನಡುವೆ ಕೆಂಪು ಹರಳುಕಲ್ಲು. ಅಲ್ಲಿಂದ ಗೇರುಮರಗಳ ನಡುವೆ ಇಳಿಜಾರು, ಒಣ ತರಗೆಲೆಯ ಮೇಲೆ ಚಕ್ರ ಎತ್ತ ಬೇಕಾದರತ್ತ ಜಾರುತ್ತದೆ. ಭಟ್ಟರು ಮೊಣಕಾಲು ಬಗ್ಗಿಸಿ, ಸೊಂಟವನ್ನು ಹಿಂದಕ್ಕೆ ಚಾಚಿ, ಹಿಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ ಇಳಿದರು. ಹ್ಯಾಂಡಲಿಗೆ ನೇತುಹಾಕಿದ ತಂಬಿಗೆಯಲ್ಲಿ ಅಭಿಷೇಕದ ಹಾಲು. ಬಾಯಿಗೆ ಬಾಳೆಲೆ ಕಟ್ಟಿತ್ತು, ಒಂದು ಹನಿ ಹೊರಗೆ ಬೀಳಲಿಲ್ಲ. ಸೀಟು ಯಾಕೆ ಬೇಡವೆಂದು ನನಗೆ ಅಲ್ಲಿ ಅರ್ಥವಾಯಿತು. ಆ ಇಳಿಜಾರಿನಲ್ಲಿ ಕೂತವನು ಮುಗ್ಗರಿಸಿಯೇ ಸಿದ್ಧ.

ಇಳಿಜಾರಿನ ಬುಡದಲ್ಲಿ ಒಂದು ಮನೆ. ದಾರಿ ಸೀದಾ ಆ ಮನೆಯ ಅಂಗಳಕ್ಕೆ ಹೋಗಿ, ಅಂಗಳದ ಇನ್ನೊಂದು ಬದಿಯಿಂದ ಹೊರಬಿದ್ದು, ಗಣಪತಿಯ ಗುಡ್ಡ ಹತ್ತುತ್ತದೆ. ಭಟ್ಟರು ಬೇಲಿಯ ಹತ್ತಿರ ಎರಡು ಸಲ ಬೆಲ್ ಮಾಡಿ, ಇಳಿದು, ಸೈಕಲ್ಲನ್ನು ದೂಡುತ್ತ ಒಳಗೆ ಹೋದರು. ಜಗಲಿಯಲ್ಲಿ ಒಬ್ಬರು ಹೆಂಗಸು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕೋಳಿಗಳ ಮೇಲೆ ಜೋರು ಮಾಡುತ್ತಿದ್ದರು. "ಭಟ್ರು ಬಂದ್ರು, ಬದಿಗೆ ಹೋಗಿ! ಹೋಗಿ ಬದಿಗೆ!" ಕೋಳಿಗಳು ಬದಿಗೆ ಹೋದವು. ಭಟ್ಟರು ಯಾರನ್ನೂ ಯಾವುದನ್ನೂ ಮುಟ್ಟದೆ ಅಂಗಳ ದಾಟಿ, ಆಚೆ ಬೇಲಿಯ ಹೊರಗೆ ಮತ್ತೆ ಪೆಡಲ್ ಹತ್ತಿದರು. ಅವರಿಬ್ಬರ ನಡುವೆ ಒಂದು ಮಾತೂ ಇಲ್ಲ.

ಆ ಹೆಂಗಸು ಮರಿಯುಮ್ಮ. ಗಂಡ ಇಲ್ಲ, ಒಬ್ಬನೇ ಮಗ ಶಫೀಕ್ ಆಗಷ್ಟೇ ಗಲ್ಫಿಗೆ ಹೋಗಿದ್ದ.

"ಅಂಗಳ ಸಪಾಟು ಉಂಟಲ್ಲ, ಅಲ್ಲಿ ಯಾಕೆ ಇಳಿಯುವುದು?" ಎಂದು ಮೇಲೆ ಹತ್ತಿದ ಮೇಲೆ ಏದುಸಿರಿನಲ್ಲಿ ಕೇಳಿದೆ.

ಭಟ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಂಗಳ ಅಲ್ವಾ ಮಾರಾಯ? ಇನ್ನೊಬ್ಬರ ಅಂಗಳದಲ್ಲಿ ಸೈಕಲ್ ತುಳಿಯುವುದುಂಟಾ?"

"ಮರಿಯುಮ್ಮ ಬೇಜಾರು ಮಾಡುವುದಿಲ್ವಾ, ಮುಟ್ಟಬಾರದು ಅಂತ ದೂರ ಹೋಗುವುದಕ್ಕೆ?"

"ಮಡಿಯಲ್ಲಿದ್ದಾಗ ನನ್ನ ಹೆಂಡತಿ ಈಶ್ವರಿಯೂ ಮುಟ್ಟಲಿಕ್ಕಿಲ್ಲ. ಅವಳೇ ಬೇಜಾರು ಮಾಡುವುದಿಲ್ಲ."

ಹೀಗೆ ಹದಿಮೂರು ವರ್ಷ ನಡೆಯಿತು. ವರ್ಷಕ್ಕೊಂದು ಸಲ ಬ್ರೇಕಿನ ರಬ್ಬರಿಗೆ ಭಟ್ಟರು ಬರುತ್ತಿದ್ದರು, ಒಂದು ಚಹಾ ಕುಡಿಯುತ್ತಿದ್ದರು, ಮೊಳೆಯ ಮೇಲಿನ ಸೀಟನ್ನು ನೋಡಿ ನಗುತ್ತಿದ್ದರು. ಅಷ್ಟು ಸುಖವಾಗಿದ್ದ ಗಿರಾಕಿ ನನಗೆ ಬೇರೆ ಸಿಕ್ಕಿಲ್ಲ. ಕೆಡಿಸಿದ್ದು ನಾನೇ.

2017ಕ್ಕೆ ನನ್ನ ಮಗಳು ಫಾಯಿಝಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅವಳಿಗೂ ಅವಳ ಆರು ಜನ ಜೊತೆಗಾರರಿಗೂ ಗೇರ್ ಸೈಕಲ್ಲಿನ ಹುಚ್ಚು. ಅಂಗಡಿಯ ಎದುರು ಕಲ್ಲಿನ ಮೇಲೆ ಕಲ್ಲಿಟ್ಟು, ಸೈಕಲ್ ಸಮೇತ ಅದರ ಮೇಲಿಂದ ಹಾರುವುದು ಅವಳ ಸಂಜೆಯ ಕೆಲಸ. ಗೋಡೆ ಕಟ್ಟುವ ಕೆಂಪು ಮುರಕಲ್ಲು ಎರಡರಷ್ಟು ಎತ್ತರ ಸಲೀಸಾಗಿ ಹಾರುತ್ತಿದ್ದಳು. ಒಂದು ದಿನ ಏಳೂ ಜನ ಫೋನಿನ ಮೇಲೆ ತಲೆ ಜೋಡಿಸಿಕೊಂಡು ವಿಡಿಯೋ ನೋಡುತ್ತಿದ್ದರು. ಫ್ರಾನ್ಸಿನ ಯಾವುದೋ ಹಳ್ಳಿಗಾಡು, ಗುಡ್ಡ, ಕಾಡು, ಅದರೊಳಗೆ ಹೆಲ್ಮೆಟ್ ಹಾಕಿದವರು ಬೇರಿನ ಮೇಲೆ ಕಲ್ಲಿನ ಮೇಲೆ ಸೈಕಲ್ ಇಳಿಸುವುದು.

"ನೋಡಿ ಉಪ್ಪ, ಒಬ್ಬರೂ ಸೀಟಿನಲ್ಲಿ ಕೂತಿಲ್ಲ" ಎಂದಳು ಫಾಯಿಝಾ.

"ಇದಕ್ಕೆ ಫ್ರಾನ್ಸಿಗೆ ಯಾಕೆ ಹೋಗಬೇಕು? ಕುಂಬ್ಡಾಜೆಯಲ್ಲಿ ಒಬ್ಬರು ಭಟ್ರು ದಿನಾ ಇದನ್ನೇ ಪಂಚೆ ಉಟ್ಟು ಮಾಡ್ತಾರೆ" ಎಂದು ನಾನು ದೊಡ್ಡ ಬಾಯಿ ಬಿಟ್ಟೆ.

ಇನ್ನು ಕೇಳಬೇಕೇ! ಮಾರ್ಚ್ ತಿಂಗಳ ಒಂದು ಭಾನುವಾರ ಏಳೂ ಜನ ತಗ್ಗಿನ ದೇವಸ್ಥಾನದ ಎದುರು ಸಾಲಾಗಿ ನಿಂತರು. ನಾನೂ ಹೋದೆ. "ಹಿಂದಿನಿಂದ ಬನ್ನಿ, ನನ್ನ ಹತ್ತಿರ ಬರಬೇಡಿ, ಅಷ್ಟೇ" ಎಂದು ಭಟ್ಟರು ನಗುತ್ತ ಒಪ್ಪಿದರು. ನಾನು ಹೆಲ್ಮೆಟ್ಟಿನ ಬಗ್ಗೆ ಹೇಳಿದೆ, ಬ್ರೇಕಿನ ಬಗ್ಗೆ ಹೇಳಿದೆ, ತರಗೆಲೆಯ ಬಗ್ಗೆ ಹೇಳಿದೆ. ಅಂಗಳದಲ್ಲಿ ಇಳಿದು ದೂಡಬೇಕು ಎಂಬುದೊಂದನ್ನು ಹೇಳಲು ಮರೆತೆ.

ಕಾಡಿನ ಏರಿನಲ್ಲೇ ಇಬ್ಬರು ಬಿದ್ದರು. ಬೋಳುಗುಡ್ಡೆಯ ಮೇಲೆ ಒಬ್ಬನ ನೀರಿನ ಬಾಟಲಿ ಹಾರಿಹೋಯಿತು. ಗಾಳಿಗೆ ಮುಳಿಹುಲ್ಲು ಮಲಗುತ್ತಿತ್ತು, ದೂರದಲ್ಲಿ ಒಂದು ಗೀಟಿನಷ್ಟು ಸಮುದ್ರ ಹೊಳೆಯುತ್ತಿತ್ತು, ಆ ಮಕ್ಕಳು ಕೂಗಿ ನಗುತ್ತಿದ್ದರು. ಐವತ್ತು ಹತ್ತಿರವಾದ ನನ್ನ ಎದೆಯೂ ಹಗುರಾಯಿತು. ಮಕ್ಕಳು ಇಳಿಜಾರಿಗೆ ಹೊರಳಿದರು. ನಾನು ಸೈಕಲ್ ದೂಡಿಕೊಂಡು ಹಿಂದೆ ಉಳಿದೆ.

ಕೆಳಗಿನಿಂದ ಕಿರುಚಾಟ ಕೇಳಿತು.

ನಾನು ಎದ್ದು ಬಿದ್ದು ಓಡಿದೆ. ಗೇರುಬೀಜದ ಕಾಲ, ಮರಿಯುಮ್ಮ ಅಂಗಳದ ತುಂಬ ಬೀಜ ಹರವಿದ್ದರು. ಶಫೀಕ್ ಗಲ್ಫ್ ಬಿಟ್ಟು ಊರಿನಲ್ಲೇ ನಿಲ್ಲಲು ಬಂದು ತಿಂಗಳಾಗಿತ್ತಷ್ಟೇ. ಅವನ ಎರಡು ವರ್ಷದ ಮಗಳು ಬೀಜದ ನಡುವೆ ಕೂತು ಆಡುತ್ತಿತ್ತು. ಭಟ್ಟರು ದಾಟಿ ಆಚೆ ಬೇಲಿ ಸೇರಿದ ಮೇಲೆ ಏಳು ಸೈಕಲ್ಲು ಒಂದರ ಹಿಂದೆ ಒಂದು ಅದೇ ವೇಗದಲ್ಲಿ ಅಂಗಳಕ್ಕೆ ನುಗ್ಗಿದ್ದವು. ಎಲ್ಲರಿಗಿಂತ ಮುಂದೆ ನನ್ನ ಮಗಳು. ಮಗುವನ್ನು ಕಂಡು ಹ್ಯಾಂಡಲ್ ತಿರುಗಿಸಿ, ಒಂದು ಗೇಣಿನಲ್ಲಿ ತಪ್ಪಿಸಿ, ಬೀಜದ ಮೇಲೆ ಜಾರಿ ಬಿದ್ದಿದ್ದಳು. ಕೋಳಿಗಳು ಮಾಡಿನ ಹಂಚಿನ ಮೇಲಿದ್ದವು. ಮರಿಯುಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಮಗು ಭಟ್ಟರ ಕೈಯಲ್ಲಿತ್ತು.

ಹೌದು, ಭಟ್ಟರ ಕೈಯಲ್ಲಿ. ಸೈಕಲ್ಲನ್ನು ಅಲ್ಲೇ ಬಿಸಾಡಿ ಓಡಿಬಂದು ಮಗುವನ್ನು ಎತ್ತಿಕೊಂಡಿದ್ದರು. ತಂಬಿಗೆ ಮಗುಚಿ ಹಾಲೆಲ್ಲ ಮಣ್ಣುಪಾಲು. ಮಗು ಅವರ ಜನಿವಾರವನ್ನು ಹಿಡಿದು ಎಳೆಯುತ್ತಿತ್ತು.

ಒಳಗಿನಿಂದ ಬಂದ ಶಫೀಕ್ ಮಗುವನ್ನು ಕಿತ್ತುಕೊಂಡ. "ಎಲ್ಲರೂ ಹೊರಗೆ ಹೋಗಿ" ಎಂದ. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಭಟ್ಟರು ಮತ್ತೆ ಮಡಿಯಾಗಲು ಸಂಕದ ಬಳಿಯ ತೋಡಿನಲ್ಲಿ ಮುಳುಗೆದ್ದು, ಮರಿಯುಮ್ಮನ ಅಂಗಳ ಬಿಟ್ಟು ಸುತ್ತು ಹಾಕಿ ಗುಡ್ಡ ಹತ್ತಿದರು. ಗಣಪತಿಗೆ ಅಂದು ಹಾಲಿಲ್ಲ, ನೈವೇದ್ಯವಾದಾಗ ಹತ್ತು ಗಂಟೆ.

ಏಪ್ರಿಲ್ ಮುಗಿಯುವುದರೊಳಗೆ ಶಫೀಕ್ ಅಂಗಳದ ಸುತ್ತ ಎದೆಯೆತ್ತರದ ಮುರಕಲ್ಲಿನ ಗೋಡೆ ಕಟ್ಟಿಸಿದ. ದಾರಿ ಬಂದಾಯಿತು. ಉಳಿದದ್ದು ಗೋಡೆಯ ಹೊರಗಿನ ಬರೆ, ನೆಟ್ಟಗೆ ನಿಂತ ಮಣ್ಣಿನ ದಿಬ್ಬ. ಅಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಒಂದು ಕೈಯಲ್ಲಿ ತಂಬಿಗೆ ಹಿಡಿದು, ಮರದ ಬೇರು ಹಿಡಿದು ಹತ್ತಬೇಕು. ಭಟ್ಟರು ಹತ್ತಿದರು. ದಿನಾ ಅರ್ಧ ಗಂಟೆ ತಡ. ಒಂದು ದಿನ ಎಂಟೂ ಐವತ್ತು, ಒಂದು ದಿನ ಒಂಬತ್ತು. ಗುಡಿಯ ಕಮಿಟಿಯವರು ಕೆಟ್ಟವರಲ್ಲ, ಆದರೆ ಕಟ್ಟಳೆ ಕಟ್ಟಳೆಯೇ. ಮೇ ಕೊನೆಗೆ ಬರುವ ಪತ್ತನಾಜೆಗೆ ಊರಿನ ಉತ್ಸವಗಳೆಲ್ಲ ಮುಗಿಯುತ್ತವಲ್ಲ, ಅಂದಿನಿಂದ ಗುಡ್ಡದ ಗುಡಿಗೆ ದಿನಪೂಜೆ ಬೇಡ, ತಿಂಗಳಿಗೊಂದು ಸಂಕ್ರಮಣ ಪೂಜೆ ಸಾಕು ಎಂದು ನಿಶ್ಚಯಿಸಿದರು. ಅದಕ್ಕೆ ಉಳಿದದ್ದು ಮೂರು ವಾರ, ಅಷ್ಟರೊಳಗೆ ಹೊತ್ತಿಗೆ ಸರಿಯಾಗಿ ನೈವೇದ್ಯ ಆಗತೊಡಗಿದರೆ ಮೊದಲಿನ ಹಾಗೇ ನಡೆಯಲಿ ಎಂದೂ ಹೇಳಿದರು.

ಈ ಸುದ್ದಿ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಭಟ್ಟರ ಮನೆಗೆ ಓಡಿದೆ. "ಪಂಚಾಯತಿಗೆ ಹೋಗುವ ಭಟ್ರೇ. ನಿಮ್ಮ ತಂದೆಯ ಕಾಲದಿಂದ ನಡೆದ ದಾರಿ. ವಾರ್ಡಿನ ಮೆಂಬರ್ ನನ್ನ ಗುರ್ತದವ. ಒಂದು ಅರ್ಜಿ ಕೊಟ್ರೆ ಗೋಡೆ ಬೀಳಿಸಬಹುದು" ಎಂದು ಹಾರಾಡಿದೆ.

"ಅದು ದಾರಿ ಅಲ್ಲ ಮಾರಾಯ, ಅಂಗಳ" ಎಂದರು ಭಟ್ಟರು. "ಅವರು ಬಿಟ್ಟದ್ದು, ನಾವು ಹೋದದ್ದು. ಬಿಡುವುದಿಲ್ಲ ಅಂದ್ರೆ ಕೇಳ್ಲಿಕ್ಕೆ ನಾನು ಯಾರು?"

"ಹಾಗಾದ್ರೆ ಗಣಪತಿ?"

"ನನ್ನ ಅಪ್ಪ ಒಂದು ದಿನ ತಪ್ಪಿಸಲಿಲ್ಲ" ಎಂದರು. ಬೈರಾಸಿನಿಂದ ಮುಖ ಒರೆಸಿಕೊಂಡು, ನನಗೆ ಕಾಣಬಾರದೆಂದು ಒಳಗೆ ಎದ್ದು ಹೋದರು.

ಅಲ್ಲಿಂದ ಸೀದಾ ಶಫೀಕನ ಮನೆಗೆ ಹೋದೆ. ಫಾಯಿಝಾಳೂ ಬಂದಿದ್ದಳು. ತಪ್ಪು ನನ್ನದು, ನನ್ನ ಮಗಳದು, ಭಟ್ಟರದಲ್ಲ ಎಂದು ಹೇಳಿದೆ. ಶಫೀಕ್ ಕೇಳಿಸಿಕೊಂಡ. "ಸಲಾಂಕ, ನನಗೆ ಹತ್ತು ವರ್ಷ ಕಾದು ಹುಟ್ಟಿದ ಮಗು" ಎಂದ. "ರಾತ್ರಿ ಕಣ್ಣು ಮುಚ್ಚಿದ್ರೆ ಆ ಚಕ್ರವೇ ಕಾಣ್ತದೆ. ನೀವು ಹೇಳಿ, ನಾನು ಎಂತ ಮಾಡಬೇಕು?" ಫಾಯಿಝಾ ಅತ್ತುಬಿಟ್ಟಳು. ಮರಿಯುಮ್ಮ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ಮರಿಯುಮ್ಮ ಮಾತಾಡಿದ್ದು ಎರಡು ವಾರ ಕಳೆದು. ಅದನ್ನು ಶಫೀಕನೇ ಆಮೇಲೆ ನನಗೆ ಹೇಳಿದ.

ಗೋಡೆ ಕಟ್ಟಿದ ಮೇಲೂ ಭಟ್ಟರು ದಿನಾ ಬೆಳಿಗ್ಗೆ ಅದರ ಹೊರಗೆ ನಿಂತು, ಅಭ್ಯಾಸಬಲದಿಂದ, ಎರಡು ಸಲ ಬೆಲ್ ಮಾಡುತ್ತಿದ್ದರಂತೆ. ಒಳಗೆ ಕೋಳಿಗಳು ತಾವಾಗಿಯೇ ಬದಿಗೆ ಸರಿದು ನಿಲ್ಲುತ್ತಿದ್ದವಂತೆ. ಯಾರೂ ಬರುತ್ತಿರಲಿಲ್ಲ. ಮರಿಯುಮ್ಮ ಜಗಲಿಯಲ್ಲಿ ಅದನ್ನು ನೋಡುತ್ತ ಕೂರುತ್ತಿದ್ದರು. ಒಂದು ದಿನ ಮಗನನ್ನು ಕರೆದರು.

"ಅವತ್ತು ಮಗುವನ್ನು ಮೊದಲು ಎತ್ತಿದ್ದು ಯಾರು? ನೀನಾ?"

"ಭಟ್ರು. ಅದಕ್ಕೆ?"

"ಹದಿಮೂರು ವರ್ಷ ಈ ಅಂಗಳದಲ್ಲಿ ನನ್ನ ಒಂದು ಕೋಳಿಯ ಗರಿ ಸಹಾ ಸೋಕಿಸಿಕೊಳ್ಳದೆ ಹೋದ ಮನುಷ್ಯ. ದೇವರಿಗೆ ಅಂತ ತಂದ ಹಾಲು ಚೆಲ್ಲಿ ನಿನ್ನ ಮಗುವನ್ನು ಎದೆಗೆ ಹಿಡಿದುಕೊಂಡ್ರು. ನೀನು ಅವರ ಕೈಯಿಂದ ಕಿತ್ತುಕೊಂಡೆ. ಒಂದು ಮಾತು ಹೇಳಿದ್ಯಾ ಅವರಿಗೆ?"

ಶಫೀಕ್ ಗೋಡೆಯ ಕಡೆ ನೋಡಿದನಂತೆ.

"ಗೋಡೆ ಇರಲಿ. ಮಗು ಉಂಟು, ಗೋಡೆ ಬೇಕು" ಎಂದರಂತೆ ಮರಿಯುಮ್ಮ. "ಆದರೆ ನಾಳೆ ಬೆಳಿಗ್ಗೆ ಎದ್ದು ಆ ಬರೆಯಲ್ಲಿ ಅವರು ಹೇಗೆ ಹತ್ತುತ್ತಾರೆ ಅಂತ ಒಮ್ಮೆ ನೋಡು. ಆಮೇಲೆ ನಿನ್ನ ಇಷ್ಟ."

ಅವನು ನೋಡಿದ. ಅದೇ ದಿನ ಹನ್ನೊಂದು ಗಂಟೆಗೆ ನನ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಪತ್ತನಾಜೆಗೆ ನಾಲ್ಕು ದಿನ ಉಳಿದಿತ್ತು.

"ಸಲಾಂಕ, ಭಟ್ರ ಸೈಕಲ್ಲಿನ ಹ್ಯಾಂಡಲ್ ಎಷ್ಟು ಅಗಲ ಉಂಟು?"

ಅಂಥದೇ ಸೈಕಲ್ಲೊಂದು ರಿಪೇರಿಗೆ ಬಂದಿತ್ತು, ಟೇಪು ಹಿಡಿದು ಅಳೆದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪು ಓದಿದೆ. ಮೂರನೆಯ ಸಲ ಸರಿಯಾಗಿ ಓದಿ, "ಅದರ ಮೇಲೆ ಒಂದು ಗೇಣು ಜಾಸ್ತಿ ಬಿಡು ಮಾರಾಯ, ತಂಬಿಗೆ ಉಂಟು" ಎಂದೆ.

ಪತ್ತನಾಜೆಯ ಹಿಂದಿನ ದಿನ ನಾವೆಲ್ಲ ಹೋದೆವು. ಫಾಯಿಝಾಳೇ ಶಫೀಕನಿಗೆ ಫೋನ್ ಮಾಡಿ ಬರಬಹುದಾ ಎಂದು ಕೇಳಿದ್ದಳು. ಅವನು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಈ ಸಲ ನಾನು ಬೇಗ ಬಂದು ಅಂಗಳದ ಮೂಲೆಯಲ್ಲೇ ನಿಂತಿದ್ದೆ. ಶಫೀಕ್ ಗೋಡೆಯ ಎರಡೂ ಬದಿಯಲ್ಲಿ ಸೈಕಲ್ ದಾಟುವಷ್ಟು ಅಗಲದ ಒಂದೊಂದು ಕಿಂಡಿ ಬಿಡಿಸಿದ್ದ. ಆದರೆ ಬುಡದ ಒಂದು ಸಾಲು ಕಲ್ಲನ್ನು ಹಾಗೆಯೇ ಉಳಿಸಿದ್ದ, ಹೊಸ್ತಿಲಿನ ಹಾಗೆ. ಯಾರೇ ಬರಲಿ, ಇಳಿದು ಸೈಕಲ್ಲನ್ನು ಎತ್ತಿಯೇ ದಾಟಬೇಕು ಎಂಬುದು ಅವನ ಲೆಕ್ಕ. ನಾನು ಆ ಹೊಸ್ತಿಲಿನ ಎತ್ತರ ನೋಡಿದೆ. ಒಂದೇ ಕಲ್ಲು. ನನ್ನ ಮಗಳಿಗೆ ಅದು ಏನೂ ಅಲ್ಲ, ಕಣ್ಣುಮುಚ್ಚಿ ಹಾರುತ್ತಾಳೆ.

ಏಳೂ ಮುಕ್ಕಾಲಿಗೆ ಬೆಲ್ಲು ಎರಡು ಸಲ ಕೇಳಿತು. "ಭಟ್ರು ಬಂದ್ರು, ಬದಿಗೆ ಹೋಗಿ!" ಎಂದರು ಮರಿಯುಮ್ಮ. ಶಫೀಕನ ಕಂಕುಳಲ್ಲಿದ್ದ ಮಗುವೂ ಕೈ ಬೀಸಿ "ಹೋಗಿ!" ಎಂದಿತು. ಭಟ್ಟರು ಹೊರಗೇ ಇಳಿದು, ಸೈಕಲ್ಲನ್ನು ಹೊಸ್ತಿಲು ದಾಟಿಸಿ, ದೂಡುತ್ತ ಒಳಗೆ ಬಂದರು. ಶಫೀಕನ ಎದುರು ಬಂದಾಗ ಒಂದು ಕ್ಷಣ ನಿಂತರು.

"ಭಟ್ರೇ, ಅವತ್ತು..." ಎಂದ ಶಫೀಕ್.

"ಮಗು ಸೌಖ್ಯ ಉಂಟಲ್ಲ? ಅಷ್ಟು ಸಾಕು" ಎಂದರು ಭಟ್ಟರು. ಹದಿಮೂರು ವರ್ಷದಲ್ಲಿ ಆ ಅಂಗಳದಲ್ಲಿ ಅವರು ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಇಳಿಜಾರಿನ ಮೇಲೆ ತರಗೆಲೆ ಸದ್ದಾಯಿತು. ಫಾಯಿಝಾ ಪೆಡಲಿನ ಮೇಲೆ ನಿಂತು, ಮೊಣಕಾಲು ಬಗ್ಗಿಸಿ, ಭಟ್ಟರ ಹಾಗೆಯೇ ಇಳಿದು ಬರುತ್ತಿದ್ದಳು. ಶಫೀಕ್ ಮಗುವನ್ನು ಬಿಗಿಯಾಗಿ ಹಿಡಿದುಕೊಂಡ. ಗೋಡೆಗೆ ಹತ್ತು ಮಾರು ಇರುವಾಗ ಅವಳು ಬ್ರೇಕ್ ಹಿಡಿದಳು. ಇಳಿದಳು. ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿ, ತಲೆಗೆ ಶಾಲು ಸರಿಮಾಡಿಕೊಂಡು, ಸೈಕಲ್ಲನ್ನು ದೂಡುತ್ತ ಕಿಂಡಿಯ ತನಕ ಬಂದು ನಿಂತಳು. ಬೆಲ್ಲಿರಲಿಲ್ಲ ಅವಳ ಸೈಕಲ್ಲಿಗೆ. "ಉಮ್ಮ, ಬರಬಹುದಾ?" ಎಂದು ಕೇಳಿದಳು.

ಮರಿಯುಮ್ಮ ಮಗನ ಮುಖ ನೋಡಿದರು. ಶಫೀಕ್ ಮಗುವನ್ನು ತಾಯಿಯ ಕೈಗೆ ಕೊಟ್ಟು, ಕಿಂಡಿಯ ಹತ್ತಿರ ಹೋಗಿ, ಬಗ್ಗಿ ಅವಳ ಸೈಕಲ್ಲಿನ ಮುಂದಿನ ಚಕ್ರವನ್ನು ಎತ್ತಿ ಹೊಸ್ತಿಲು ದಾಟಿಸಿದ. ಅವಳ ಹಿಂದೆ ಉಳಿದ ಆರೂ ಜನ ಸಾಲಾಗಿ ದೂಡಿಕೊಂಡು ಬಂದರು, ಒಬ್ಬೊಬ್ಬರ ಚಕ್ರವನ್ನೂ ಅವನೇ ಎತ್ತಿದ. ನಾನು ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಆಚೆ ಕಿಂಡಿಯ ಹೊರಗೆ ಭಟ್ಟರು ಆಗಲೇ ಪೆಡಲಿನ ಮೇಲೆ ನಿಂತಿದ್ದರು. "ಬೇಗ ಬನ್ನಿ ಮಾರಾಯ್ರೆ, ಎಂಟು ಗಂಟೆ ಆಗ್ತಾ ಬಂತು" ಎಂದು ಕೂಗಿ, ಗಣಪತಿಯ ಗುಡ್ಡ ಹತ್ತತೊಡಗಿದರು.